‘ಇತರೆ’ ಅನ್ನೋ ಡಬ್ಬಿ ಕಿತ್ತವನು ನಾನೇ

ಆರೇಳು ವರ್ಷದ ಹಿಂದಿನ ಮಾತು. ಆಗ ನಾನಿದ್ದ ಕಂಪನಿಗೆ ಬೇರೊಂದು ರಾಜ್ಯದ ಆರೋಗ್ಯ ಕಾರ್ಯಕರ್ತೆಯರಿಗೆ ಟ್ಯಾಬ್ಲೆಟ್ ಆ್ಯಪ್ ಮಾಡಿಕೊಡೋ ಕೆಲಸ ಸಿಕ್ಕಿತ್ತು. ಮನೆಮನೆ ಸಮೀಕ್ಷೆಯ ಫಾರಂ ನನ್ನ ಪಾಲಿಗೆ ಬಂತು. ‘ಈ ಮನೆಯ ಮುಖ್ಯ ಆರೋಗ್ಯ ಸಮಸ್ಯೆ ಏನು?’ ಅಂತ ಒಂದು ಪ್ರಶ್ನೆ, ಕೆಳಗೆ ಡ್ರಾಪ್‌ಡೌನ್. ಬಿಪಿ, ಶುಗರ್, ಟಿಬಿ, ಹೀಗೆ ಒಂದು ಪಟ್ಟಿ. ಕೊನೆಯಲ್ಲಿ ‘ಇತರೆ’, ಅದರ ಪಕ್ಕ ಬರೆಯೋಕೆ ಒಂದು ಖಾಲಿ ಡಬ್ಬಿ.

ಪೈಲಟ್ ಮುಗಿದ ಮೇಲೆ ನೋಡಿದರೆ ನರ್ಸುಗಳು ಆ ಡಬ್ಬಿಯ ತುಂಬಾ ಬರೆದಿದ್ದರು, ಅವರವರ ಭಾಷೆಯಲ್ಲಿ, ಕಾಗುಣಿತ ತಪ್ಪಿಸಿಕೊಂಡು. ಗಂಡ ಕುಡಿದು ಹೊಡೀತಾನೆ ಅಂತ ಒಬ್ಬರು. ಬಾವಿ ನೀರು ವಾಸನೆ ಅಂತ ಇನ್ನೊಬ್ಬರು. ‘ಸೊಸೆ ಮೂರು ತಿಂಗಳಿಂದ ಮಾತಾಡ್ತಿಲ್ಲ’ ಅಂತ ಒಂದು ಸಾಲು ನನಗೆ ಇನ್ನೂ ನೆನಪಿದೆ. ಇದನ್ನೆಲ್ಲ ಚಾರ್ಟಿನಲ್ಲಿ ಹೇಗ್ರೀ ತೋರಿಸೋದು ಅಂತ ಕ್ಲೈಂಟ್ ಕೇಳಿದರು. ಡಬ್ಬಿ ತೆಗೆಯಿರಿ ಅಂತ ನನ್ನ ಹೆಸರಿಗೆ ಟಿಕೆಟ್ ಬಿತ್ತು. ಇಪ್ಪತ್ತು ನಿಮಿಷದ ಕೆಲಸ. ತೆಗೆದೆ, ಟಿಕೆಟ್ ಕ್ಲೋಸ್ ಮಾಡಿ ಕಾಫಿಗೆ ಹೋದೆ. ಮುಂದಿನ ಡೆಮೋದಲ್ಲಿ ಪೈ ಚಾರ್ಟು ಬಹಳ ಚೆಂದ ಕಂಡಿತು. ಚಪ್ಪಾಳೆಯೂ ಬಿತ್ತು.

ಇದನ್ನ ಈಗ ಯಾಕೆ ಹೇಳ್ತಿದೀನಿ ಅಂದರೆ, ಕಳೆದ ವರ್ಷ ನಮ್ಮೂರಲ್ಲಿ, ನಮ್ಮ ಮನೆಯ ಜಗಲಿ ಮೇಲೆ, ನಾನು ಕಿತ್ತಂಥದ್ದೇ ಒಂದು ಡಬ್ಬಿಯನ್ನ ಒಬ್ಬ ನರ್ಸಮ್ಮ ಹುಡುಕ್ತಾ ಕೂತಿದ್ದರು. ಬರೆಯಬೇಕಾಗಿದ್ದದ್ದು ನಮ್ಮಮ್ಮನ ವಿಷಯ.

ನಮ್ಮದು ಪಾವಗಡ ಸೀಮೆ. ಮಳೆ ಕಡಿಮೆ, ಬಂಡೆ ಜಾಸ್ತಿ, ಬೋರು ಆಳ. ಆ ಗ್ರಾನೈಟ್ ಬಂಡೆಯೊಳಗಿನ ನೀರಿನಲ್ಲಿ ಫ್ಲೋರೈಡ್ ಇದೆ ಅನ್ನೋದು ಹೊಸ ಸುದ್ದಿಯೇನಲ್ಲ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಅಂತ ನಮ್ಮ ದೇಶದ ಮಾನಕ ಹೇಳುತ್ತೆ. ಅದು ದಾಟಿದ ನೀರನ್ನ ವರ್ಷಗಟ್ಟಲೆ ಕುಡಿದರೆ ಬೆಳೆಯೋ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತೆ, ದೊಡ್ಡವರ ಕೀಲು ಬಿಗಿಯುತ್ತೆ, ಬೆನ್ನು ಬಗ್ಗುತ್ತೆ. ಕಾಯಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತೆ ಅಷ್ಟೆ. ನನ್ನ ಹಲ್ಲಲ್ಲೂ ಆ ಗೆರೆ ಇದೆ. ಕಾಲೇಜಲ್ಲಿ ಗೆಳೆಯರು ಗುಟ್ಕಾ ಗಿರಾಕಿ ಅಂತಿದ್ದರು.

ಅಮ್ಮನಿಗೆ 57. ನಾಲ್ಕು ವರ್ಷದಿಂದ ನೆಲಕ್ಕೆ ಕೂತರೆ ಏಳೋಕೆ ಆಗ್ತಿರಲಿಲ್ಲ. ಬೆಂಗಳೂರಿಗೆ ಕರಕೊಂಡು ಬಂದು ದೊಡ್ಡ ಆಸ್ಪತ್ರೆಯೊಂದರಲ್ಲಿ ತೋರಿಸಿದೆ. ವಯಸ್ಸಾಯ್ತು, ಸಂಧಿವಾತ, ಕ್ಯಾಲ್ಸಿಯಂ ತಗೊಳ್ಳಿ, ಫಿಸಿಯೋಥೆರಪಿ ಮಾಡಿಸಿ ಅಂದರು. ಎಲ್ಲ ಮಾಡಿಸಿದೆ. ಊರಿಗೆ ವಾಪಸ್ ಕಳಿಸಿ, ಮಗನಾಗಿ ನನ್ನ ಕರ್ತವ್ಯ ಮುಗೀತು ಅಂತ ಇಎಂಐ ಕಡೆ ಗಮನ ಕೊಟ್ಟೆ.

ಈಗಿರೋ ನರ್ಸಮ್ಮ ಬಾಗಲಕೋಟೆ ಕಡೆಯವರು. ಅವರ ಹುದ್ದೆಯ ಹೆಸರಿಗೆ ಸರ್ಕಾರ ‘ಅಧಿಕಾರಿ’ ಅಂತ ಸೇರಿಸಿದೆ, ಊರವರ ಬಾಯಲ್ಲಿ ಮಾತ್ರ ಅವರು ನರ್ಸಮ್ಮನೇ. ಯುಗಾದಿಗೆ ನಾನು ಊರಿಗೆ ಹೋಗಿದ್ದಾಗ ಆಶಾ ಕಾರ್ಯಕರ್ತೆಯ ಜತೆ ಮನೆಗೆ ಬಂದರು. ಮೂವತ್ತು ದಾಟಿದವರ ತಪಾಸಣೆ. ಅದಕ್ಕೊಂದು ಫಾರಂ ಇದೆ, ದೇಶಕ್ಕೆಲ್ಲ ಒಂದೇ. ವಯಸ್ಸು, ಬೀಡಿ-ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆಯಲ್ಲಿ ಯಾರಿಗಾದರೂ ಬಿಪಿ-ಶುಗರ್ ಇದೆಯಾ ಅಂತ ಕೇಳಿ ಅಂಕ ಹಾಕೋದು. ಮೊತ್ತ 4 ದಾಟಿದರೆ ಅವರನ್ನ ಮೊದಲು ತಪಾಸಣೆಗೆ ಕರೆಯಬೇಕು. ಒಲೆಗೆ ಏನು ಉರಿಸ್ತೀರಿ ಅಂತ ಕೇಳುತ್ತೆ. ಕುಡಿಯೋದು ಯಾವ ನೀರು ಅಂತ ಕೇಳಲ್ಲ. ನಿಂತಾಗ, ನಡೆದಾಗ ತೊಂದರೆ ಆಗುತ್ತಾ ಅಂತ ಕೇಳೋ ಭಾಗವೂ ಇದೆ, ಆದರೆ ಅದು 60 ದಾಟಿದವರಿಗೆ. ಅಮ್ಮ ಇನ್ನೂ ಮೂರು ವರ್ಷ ಕಾಯಬೇಕು.

ಬಿಪಿ ಸರಿ ಇತ್ತು. ಶುಗರ್ ಸರಿ ಇತ್ತು. ಅಮ್ಮ ಪಾಸು. ನರ್ಸಮ್ಮ ಫೋನು ಕೆಳಗಿಟ್ಟರು. ಆಮೇಲೆ ಪರ್ಸಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಜಗಲಿ ಮೇಲೆ ಹಾಕಿ, “ಅಕ್ಕಾರ, ಮಣಕಾಲು ಮಡಚದಂಗ ಅದನ್ನ ಎತ್ತಿಕೊಡ್ರಿ ನೋಡೂಣು” ಅಂದರು. ಅಮ್ಮ ಬಗ್ಗಿದರು, ಅರ್ಧಕ್ಕೇ ನಿಂತರು. ಗದ್ದ ಎದೆಗೆ ಮುಟ್ಟಿಸ್ರಿ ಅಂದರು. ಮುಟ್ಟಲಿಲ್ಲ. ಕೈ ಎತ್ತಿ ತಲೆ ಹಿಂದೆ ಇಟ್ಕೊಳ್ರಿ ಅಂದರು. ಭುಜ ಏಳಲಿಲ್ಲ. ಎರಡು ನಿಮಿಷ, ಒಂದು ರೂಪಾಯಿ ನಾಣ್ಯ. ಆಮೇಲೆ ಒಂದೇ ಪ್ರಶ್ನೆ: “ಮುದ್ದೀಗೆ ಯಾವ ನೀರು ಇಡ್ತೀರಿ?”

ಕುಡಿಯೋಕೆ ನಾವು ಫಿಲ್ಟರ್ ನೀರೇ ತರ್ತೀವಿ, ಪಂಚಾಯ್ತಿ ಹತ್ತಿರದ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ. ಆದರೆ ಮುದ್ದೆಗೆ, ಸಾರಿಗೆ, ಕಾಫಿಗೆ, ದಿನಕ್ಕೆ ಹತ್ತು ಸಲ ಗಂಟಲಿಗಿಳಿಯೋ ಎಲ್ಲದಕ್ಕೂ ಬೋರಿನ ನೀರೇ. ಅದು ಲೆಕ್ಕಕ್ಕೇ ಇಲ್ಲ ಅಂತ ಇಡೀ ಊರೇ ಅಂದುಕೊಂಡಿತ್ತು. ನಾನು ಬಿಇ ಓದಿದವನು, ನಾನೂ ಹಾಗೇ ಅಂದುಕೊಂಡಿದ್ದೆ. ಮುಂಗೈ ಎಕ್ಸ್‌ರೇ ತೆಗೆಸಿ ಅಂತ ಅವರೇ ಹೇಳಿದರು. ತೆಗೆಸಿದೆ. ಮೂಳೆಗೆ ಫ್ಲೋರೈಡ್ ಸೇರಿದೆ ಅಂತ ಗೊತ್ತಾಯಿತು. ಬಿಗಿದ ಕೀಲನ್ನ ಮೊದಲಿನ ಹಾಗೆ ಬಿಡಿಸೋ ಔಷಧ ಇಲ್ಲ. ನಾಲ್ಕು ವರ್ಷ ಮೊದಲೇ ನೀರು ಬದಲಿಸಿದ್ದರೆ ಇಷ್ಟಕ್ಕೆ ಬರ್ತಿರಲಿಲ್ಲವೇನೋ. ನಾನು ಯೋಚಿಸೋದು ಅಷ್ಟೇ ಅಲ್ಲ. ಆವತ್ತು ಜಗಲಿ ಮೇಲೆ ಅವರು ಫೋನಿನ ಸ್ಕ್ರೀನನ್ನ ಮೇಲೆ ಕೆಳಗೆ ಉಜ್ಜಿ ಉಜ್ಜಿ ಕೊನೆಗೆ ನನ್ನ ಕಡೆ ತಿರುಗಿಸಿ, “ನೀವು ಸಾಫ್ಟ್‌ವೇರ್ ಅಂತಲ್ರೀ ಸರ್. ಇದನ್ನ ಇದರಾಗ ಎಲ್ಲಿ ಬರೀಲಿ ಹೇಳ್ರಿ” ಅಂದರಲ್ಲ, ಅದು.

ಬರೆಯೋಕೆ ಜಾಗ ಇರಲಿಲ್ಲ. ಅಮ್ಮನ ಹೆಸರಿನ ಮುಂದೆ ಹಸಿರು ಟಿಕ್ಕು ಬಿದ್ದು ಸಿಂಕ್ ಆಯಿತು.

ಒಂದು ಸಮುದಾಯದ ಆರೋಗ್ಯದ ಅಗತ್ಯ ಏನು ಅಂತ ಅಳೆಯೋದು ನರ್ಸಿಂಗ್ ವಿದ್ಯೆಯಲ್ಲಿ ಒಂದು ಪಾಠ, ಅದೂ ದೊಡ್ಡ ಪಾಠ. ನನ್ನ ಅತ್ತಿಗೆ ನರ್ಸಿಂಗ್ ಓದುವಾಗ ನೋಡಿದ್ದೀನಿ. ಹಳ್ಳಿ ಪೋಸ್ಟಿಂಗ್ ಅಂತ ಹೋಗಿ, ಊರವರನ್ನ ಕೂರಿಸಿಕೊಂಡು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಊರಿನ ನಕ್ಷೆ ಬರೆಸ್ತಿದ್ದರು. ಬಾವಿ ಎಲ್ಲಿ, ಚರಂಡಿ ಎಲ್ಲಿ ನಿಲ್ಲುತ್ತೆ, ಸಾರಾಯಿ ಎಲ್ಲಿ ಸಿಗುತ್ತೆ, ಬಸುರಿ ಯಾವ ಮನೆ, ಕಣ್ಣು ಕಾಣದ ಮುದುಕಿ ಯಾವ ಮನೆ. ಆಮೇಲೆ ಮನೆಮನೆಗೆ ಹೋಗಿ ಕೇಳಿ, ಕಂಡದ್ದನ್ನ ಕೇಳಿದ್ದರ ಪಕ್ಕ ಇಟ್ಟು, ಈ ಊರಿಗೆ ಮೊದಲು ಬೇಕಾದದ್ದು ಇದು ಅಂತ ತೀರ್ಮಾನಕ್ಕೆ ಬರೋದು. ಇಷ್ಟೆಲ್ಲ ಕಲಿಸಿ, ಪರೀಕ್ಷೆ ಮಾಡಿ, ಪಾಸಾದವರನ್ನ ಉಪಕೇಂದ್ರಕ್ಕೆ ಕಳಿಸ್ತೀವಿ. ಕಳಿಸಿ, ತೀರ್ಮಾನ ಆಗಲೇ ಆಗಿದೆ, ನೀವು ಟಿಕ್ ಮಾಡಿ ಸಾಕು ಅಂತೀವಿ.

ಹೆಚ್ಚು ಕಮ್ಮಿ ಇಂಥದ್ದೇ ಆಟ ಹಿಂದೆಯೂ ನಡೆದಿದೆ. ಕುಟುಂಬ ಯೋಜನೆಯ ಟಾರ್ಗೆಟ್ ಕಾಲ ನಿಮ್ಮ ಅಪ್ಪ-ಅಮ್ಮನಿಗೆ ನೆನಪಿರುತ್ತೆ. ಈ ಊರಿಂದ ಇಷ್ಟು ಆಪರೇಷನ್ ‘ಕೇಸು’ ಬೇಕು ಅಂತ ಮೇಲಿಂದ ಬರೋದು, ನರ್ಸಮ್ಮ ಮನೆಮನೆ ಅಲೆದು ಕೇಸು ಹಿಡಿದು ತರೋದು. ಊರಿನ ಅಗತ್ಯ ಏನು ಅನ್ನೋದಕ್ಕೆ ದಿಲ್ಲಿಯಲ್ಲಿ ಉತ್ತರ. 1996ರಲ್ಲಿ ಸರ್ಕಾರ ಆ ಟಾರ್ಗೆಟ್ಟುಗಳನ್ನ ಕೈಬಿಟ್ಟಿತು. 1997ರಲ್ಲಿ ಹೊಸ ಪದ್ಧತಿಗೆ ಇಟ್ಟ ಹೆಸರು ಕೇಳಿ: ಸಮುದಾಯದ ಅಗತ್ಯ ಅಳೆಯುವ ವಿಧಾನ. ನರ್ಸಮ್ಮನೇ ಊರಿನವರ ಜತೆ ಕೂತು ತನ್ನ ಉಪಕೇಂದ್ರಕ್ಕೆ ವರ್ಷದಲ್ಲಿ ಏನು ಬೇಕು ಅಂತ ಬರೆಯಬೇಕು. ಅದನ್ನೆಲ್ಲ ಸೇರಿಸಿ ಪಿಎಚ್‌ಸಿ ಯೋಜನೆ, ಅದರ ಮೇಲೆ ಜಿಲ್ಲೆಯ ಯೋಜನೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆ ವಿಚಾರ ಇಲ್ಲ.

ನಾನಾಗ ಪ್ರೈಮರಿ ಸ್ಕೂಲು. ಆಗಿದ್ದ ನರ್ಸಮ್ಮ ಗುರುವಾರ ಲಸಿಕೆ ಹಾಕೋಕೆ ಬಂದರೆ ನಾವು ಹುಣಸೆಮರ ಹತ್ತಿ ಕೂರ್ತಿದ್ದೆವು. ಅವರ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ದೊಡ್ಡ ವಹಿ. ಅದರ ಹಿಂಬದಿ ಹಾಳೆಗಳಲ್ಲಿ ಅವರದ್ದೇ ಒಂದು ಲೆಕ್ಕ ಇತ್ತು ಅಂತ ಅಮ್ಮ ಹೇಳ್ತಾರೆ. ಯಾವ ಮನೆಯ ಮಗುವಿನ ಹಲ್ಲಿನಲ್ಲಿ ಗೆರೆ ಇದೆ, ಆ ಮನೆಯವರು ಯಾವ ಬೋರಿನ ನೀರು ತರ್ತಾರೆ ಅಂತ. ಹಳೆ ತೆರೆದ ಬಾವಿಯ ನೀರು ಕುಡಿಯೋ ಕೇರಿಯ ಮಕ್ಕಳ ಹಲ್ಲು ಬೆಳ್ಳಗಿದೆ, ಹೊಸ ಬೋರಿನ ಕಡೆಯವರದ್ದು ಹಾಗಿಲ್ಲ ಅಂತ ಅವರು ಬಾಯಿಬಿಟ್ಟು ಹೇಳಿದ್ದರಂತೆ. ಬೋರು ಕೊರೆಸಿದವರಿಗೆ ಸಿಟ್ಟು ಬಂತು. ಬಾವಿ ಆಮೇಲೆ ಹೇಗೂ ಬತ್ತಿತು. ನರ್ಸಮ್ಮನಿಗೂ ವರ್ಗ ಆಯಿತು. ವಹಿ ಎಲ್ಲಿ ಹೋಯಿತೋ.

ಟಾರ್ಗೆಟ್ ಹೋಯಿತು ಅಂದೆನಲ್ಲ, ಅದು ವೇಷ ಬದಲಿಸಿಕೊಂಡು ಹಿಂದಿನ ಬಾಗಿಲಿಂದ ಬಂತು. ಒಂದು ಉದಾಹರಣೆ ಹೇಳ್ತೀನಿ, ಲೆಕ್ಕ ಇಷ್ಟಪಡೋರು ಗಮನಿಸಿ. ಬಯಲುಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನ ಅಂತ ನಿಯಮ. ಜನನ ದರ ಸಾವಿರಕ್ಕೆ 20 ಅಂತ ಇಟ್ಟುಕೊಂಡರೆ ವರ್ಷಕ್ಕೆ 100 ಹೆರಿಗೆ. ಗರ್ಭಪಾತ ಇತ್ಯಾದಿಗೆ ಶೇಕಡಾ 10 ಸೇರಿಸಿದರೆ 110 ಗರ್ಭಿಣಿಯರು ಇರಬೇಕು. ಇದು ‘ನಿರೀಕ್ಷಿತ’ ಸಂಖ್ಯೆ. ಅಂದಾಜಿಗೆ ಸೂತ್ರ ಒಳ್ಳೇದೇ, ತಪ್ಪಿಲ್ಲ. ಆದರೆ ನಮ್ಮೂರಿನಲ್ಲಿ ಅಷ್ಟು ಜನ ಬಸುರಿಯರು ಎಲ್ಲಿಂದ ಬರಬೇಕು? ವಯಸ್ಸಿನವರೆಲ್ಲ ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ, ಗಾರ್ಮೆಂಟ್ಸಿನಲ್ಲಿ. ಸ್ವಲ್ಪ ಓದಿದವರು ವೈಟ್‌ಫೀಲ್ಡಿನಲ್ಲಿ. ತಿಂಗಳ ಸಭೆಯಲ್ಲಿ ನರ್ಸಮ್ಮನನ್ನ ನಿಲ್ಲಿಸಿ, ನಿಮ್ಮ ಕಡೆ ನೋಂದಣಿ ಯಾಕೆ ಕಮ್ಮಿ ಅಂತ ಕೇಳ್ತಾರೆ. ಅವರ ಉತ್ತರ ನಿಜವಾದದ್ದು: ಸರ್, ನಮ್ಮೂರಲ್ಲಿ ಬಸುರಿಯರಿಗಿಂತ ಮುದುಕಿಯರು ಜಾಸ್ತಿ. ಇದಕ್ಕಿಂತ ದೊಡ್ಡ ಆರೋಗ್ಯ ವರದಿ ಬೇಕೇನ್ರೀ? ಊರು ಮುಪ್ಪಾಗಿದೆ. ಊರಿಗೆ ಈಗ ಬೇಕಾದದ್ದು ಮೊಣಕಾಲಿಗೆ, ಕಣ್ಣಿನ ಪೊರೆಗೆ, ರಾತ್ರಿ ಒಬ್ಬರೇ ಮಲಗೋರ ಭಯಕ್ಕೆ ಏನಾದರೂ. ಸಭೆಯಲ್ಲಿ ಮಾತ್ರ ಅದು ವರದಿಯಲ್ಲ, ‘ಗ್ಯಾಪ್’. ಆ ಗ್ಯಾಪು ಬೇರೆ ಯಾರೂ ಅಲ್ಲ, ಇದನ್ನ ಓದ್ತಿರೋ ನೀವು ಮತ್ತು ಬರೀತಿರೋ ನಾನು.

ಇಷ್ಟು ಹೇಳಿದರೆ ನನ್ನ ಗೆಳೆಯರು ಮೈಮೇಲೆ ಬರ್ತಾರೆ. ಒಬ್ಬ ಈಗಲೂ ಹೆಲ್ತ್‌ಟೆಕ್‌ನಲ್ಲಿದ್ದಾನೆ, ಜಾಣ. ನೀನು ಹಳೇ ವಹಿಯ ಭಕ್ತನಾಗಿಬಿಟ್ಟೆ ಅಂತಾನೆ. ಆ ವಹಿಗಳಲ್ಲಿ ಎಷ್ಟು ಸುಳ್ಳಿತ್ತು ಗೊತ್ತಾ? ಮನೆಯಲ್ಲೇ ಕೂತು ತುಂಬಿಸಿದ ಪುಟಗಳು, ಇಲ್ಲದ ಮಕ್ಕಳಿಗೆ ಹಾಕಿದ ಲಸಿಕೆ. ಹೆಸರು ಹೆಸರಾಗಿ ಗರ್ಭಿಣಿಯರನ್ನ ಹಿಂಬಾಲಿಸೋ ವ್ಯವಸ್ಥೆ ಬಂದ ಮೇಲೆ ಎಷ್ಟು ಜನ ತಾಯಂದಿರು ಕೈತಪ್ಪದೆ ಆಸ್ಪತ್ರೆಗೆ ಬಂದರು, ಅದನ್ನೂ ಬರಿ ಅಂತಾನೆ. ಬರೀತೀನಿ, ಅವನ ಮಾತಲ್ಲಿ ನಿಜ ಇದೆ. ನನ್ನ ದೊಡ್ಡಮ್ಮ ಹೆರಿಗೆಯಲ್ಲೇ ಹೋದದ್ದು; ತಾಯಿ ಕಾರ್ಡು, ಫೋನು, 108 ಇರೋ ಕಾಲದಲ್ಲಿ ಅವರು ಉಳೀತಿದ್ದರೇನೋ. ಎಲ್ಲರಿಗೂ ಕೇಳಲೇಬೇಕಾದ ಪ್ರಶ್ನೆಗಳು ಇವೆ, ಅವು ಎಲ್ಲ ಊರಲ್ಲೂ ಒಂದೇ ಥರ ಇರಬೇಕು. ಇಲ್ಲದಿದ್ದರೆ ಹೋಲಿಸೋಕೆ ಆಗಲ್ಲ. ಅದು ನನ್ನ ಜಗಳವೇ ಅಲ್ಲ.

ನನ್ನ ಜಗಳ ಇರೋದು ಅದರ ಮುಂದಿನ ಮಾತಿಗೆ. “ಉಳಿದದ್ದೆಲ್ಲ ಬರೀ ಕತೆ ಮಚ್ಚಾ, ಡೇಟಾ ಅಲ್ಲ” ಅಂತಾನಲ್ಲ, ಅದಕ್ಕೆ. ನಾಣ್ಯ ಎತ್ತೋಕೆ ಆಗದೆ ಅರ್ಧ ಬಗ್ಗಿ ನಿಂತದ್ದು ಡೇಟಾ ಅಲ್ಲವಾ? ಮುದ್ದೆಗೆ ಬೋರಿನ ನೀರು ಅನ್ನೋದು ಡೇಟಾ ಅಲ್ಲವಾ? ಅದಕ್ಕಿಂತ ಶುದ್ಧವಾದ ಡೇಟಾ ನಮ್ಮ ಯಾವ ಸರ್ವರಿನಲ್ಲಿದೆ ತೋರಿಸಿ. ಅದನ್ನ ಕತೆ ಅಂತ ಕರೆಯೋದು ನಮ್ಮ ಅನುಕೂಲಕ್ಕೆ. ಕತೆ ಅಂದುಬಿಟ್ಟರೆ ಕೋಡ್ ಬರೆಯೋ ತಾಪತ್ರಯ ಇಲ್ಲ.

ಡೇಟಾ ಡೇಟಾ ಅಂತ ಬಡಕೊಳ್ಳೋ ನಮಗೆಲ್ಲ ಅಜ್ಜಿ ಥರ ಇದ್ದವರು ಒಬ್ಬ ನರ್ಸು, ಫ್ಲಾರೆನ್ಸ್ ನೈಟಿಂಗೇಲ್. ಶಾಲೆಯ ಪುಸ್ತಕದಲ್ಲಿ ಕೈಗೆ ದೀಪ ಕೊಟ್ಟು ನಿಲ್ಲಿಸಿಬಿಟ್ಟಿದ್ದಾರೆ, ಅನ್ಯಾಯ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ, ತಡೆಯಬಹುದಾದ ರೋಗಗಳಿಂದ ಸತ್ತರು ಅಂತ 1858ರಲ್ಲಿ ಆಕೆ ಚಿತ್ರ ಬರೆದು ತೋರಿಸಿದರು. ಇವತ್ತಿಗೂ ಡೇಟಾ ಚಿತ್ರಗಳ ಪಾಠದಲ್ಲಿ ಅದು ಬರುತ್ತೆ. ಭಾರತಕ್ಕೆ ಆಕೆ ಯಾವತ್ತೂ ಬರಲಿಲ್ಲ, ಆದರೆ ಇಲ್ಲಿನ ಸೈನ್ಯದ ಆರೋಗ್ಯದ ಬಗ್ಗೆ 1859ರಲ್ಲಿ ಆಯೋಗ ಕೂತಾಗ ಠಾಣೆಠಾಣೆಗೂ ಪ್ರಶ್ನಾವಳಿ ಹೋಗೋ ಹಾಗೆ ಮಾಡಿದರು. ನೀರು ಎಲ್ಲಿಂದ ಬರುತ್ತೆ, ಚರಂಡಿ ಎಲ್ಲಿಗೆ ಹೋಗುತ್ತೆ ಅನ್ನೋದು ಆ ವಿಚಾರಣೆಯ ಜೀವಾಳ. ನಾನು ಹೇಳ್ತಿರೋದು ಇಷ್ಟೆ: ಆಗ ಏನು ಕೇಳಬೇಕು ಅಂತ ತೀರ್ಮಾನ ಮಾಡೋದರಲ್ಲಿ ನರ್ಸು ಇದ್ದರು. ಈಗ ನರ್ಸು ಇರೋದು ಉತ್ತರ ತುಂಬೋದಕ್ಕೆ ಮಾತ್ರ.

ತುಂಬೋದಾದರೂ ಎಷ್ಟು? ತಾಯಿ-ಮಗುವಿಗೆ ಒಂದು ಪೋರ್ಟಲ್ಲು, ಬಿಪಿ-ಶುಗರಿಗೆ ಇನ್ನೊಂದು, ಕ್ಷಯಕ್ಕೆ ಮತ್ತೊಂದು, ಲಸಿಕೆಗೆ ಮಗದೊಂದು. ಅವು ಒಂದರ ಜತೆ ಒಂದು ಮಾತಾಡಲ್ಲ, ನಮ್ಮೂರ ದಾಯಾದಿಗಳ ಹಾಗೆ. ಫ್ಲೋರೋಸಿಸ್‌ಗೂ 2008-09ರಿಂದ ಒಂದು ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ನಮ್ಮ ಜಗಲಿ ಮೇಲೆ ಕೂತವರ ಫೋನಿನೊಳಗೆ ಮಾತ್ರ ಅದಕ್ಕೆ ದಾರಿ ಇರಲಿಲ್ಲ. ಹಗಲು ಸಿಗ್ನಲ್ ಇರಲ್ಲ ಅಂತ ಅವರು ಎಂಟ್ರಿ ಮಾಡೋದು ರಾತ್ರಿ ಹನ್ನೊಂದಕ್ಕೆ. 2025ರ ಜನವರಿ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು 15,000 ರೂಪಾಯಿ ಗೌರವಧನ ಕೇಳಿ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕೂತಿದ್ದರಲ್ಲ, ನನ್ನ ಆಫೀಸಿನಲ್ಲಿ ಆವತ್ತಿನ ಚರ್ಚೆ ಟ್ರಾಫಿಕ್ಕಿನದು. ಆ ಹೆಂಗಸರಲ್ಲಿ ಒಬ್ಬೊಬ್ಬರ ತಲೆಯಲ್ಲೂ ಸಾವಿರ ಜನರ ಊರಿನ ನಕ್ಷೆ ಇದೆ. ಯಾವ ಮನೆಗೆ ಯಾವಾಗ ಹೋದರೆ ಅತ್ತೆ ಇರಲ್ಲ, ಸೊಸೆ ಬಾಯಿಬಿಡ್ತಾಳೆ ಅಂತ ಅವರಿಗೆ ಗೊತ್ತು. ಪಲ್ಸ್ ಪೋಲಿಯೋದಲ್ಲಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೀತಿದ್ದ ‘ಪಿ’ ಮತ್ತು ‘ಎಕ್ಸ್’ ಗುರುತು ನೆನಪಿದೆಯಾ? ಹನಿ ಹಾಕಿ ಮುಗಿದ ಮನೆಗೆ ಪಿ, ಇನ್ನೊಮ್ಮೆ ಹೋಗಬೇಕಾದ ಮನೆಗೆ ಎಕ್ಸ್. ಯಾಕೆ ಎಕ್ಸ್ ಆಯಿತು ಅಂತ ತಿಳಿದು, ಮತ್ತೆ ಹೋಗಿ, ಮಾತಾಡಿ ಅದನ್ನ ಪಿ ಮಾಡಿಸಿದ್ದು ಇಂಥ ಹೆಂಗಸರು. 2014ರಲ್ಲಿ ಪೋಲಿಯೋಮುಕ್ತ ಅನ್ನೋ ಸರ್ಟಿಫಿಕೇಟು ದೇಶಕ್ಕೆ ಸುಮ್ಮನೆ ಬರಲಿಲ್ಲ.

ಹಾಗಾದರೆ ಏನು ಮಾಡಬೇಕು ಅಂತೀಯ, ಹೇಳು ಅಂದರೆ, ನಾನು ಕೇಳೋದು ದೊಡ್ಡದೇನಲ್ಲ. ಆ ಡಬ್ಬಿ ವಾಪಸ್ ಕೊಡಿ. ನರ್ಸಮ್ಮ ಬರೆಯಬೇಕು ಅಂತಲೂ ಇಲ್ಲ, ಫೋನ್ ಬಾಯಿಗಿಟ್ಟುಕೊಂಡು ಕನ್ನಡದಲ್ಲಿ ಹೇಳಲಿ. ಮಾತನ್ನ ಅಕ್ಷರ ಮಾಡೋ ತಂತ್ರ ಇವತ್ತು ನಮ್ಮ ಕೈಯಲ್ಲಿದೆ. ಅದನ್ನ ಪಿಜ್ಜಾ ಆರ್ಡರಿಗೆ ಬಳಸ್ತೀವಿ. ಚಾರ್ಟು ಬರಲ್ಲ ಅಂದರೆ ಬೇಡ, ಪಿಎಚ್‌ಸಿಯ ಡಾಕ್ಟರು ತಿಂಗಳಿಗೊಮ್ಮೆ ಕೂತು ಓದಲಿ. ತನ್ನ ಊರಿಗಾಗಿ ನರ್ಸಮ್ಮನೇ ಎರಡು ಪ್ರಶ್ನೆ ಸೇರಿಸೋ ಹಾಗಿರಲಿ. ಪಾವಗಡದಲ್ಲಿ ನೀರಿನದು, ಸೊರಬ ಸೀಮೆಯಲ್ಲಿ ಕಾಡಿಗೆ ಹೋಗೋದರದು, ಯಾಕಂದರೆ ಅಲ್ಲಿನ ಕ್ಯಾಸನೂರು ಕಾಡಿನಲ್ಲೇ ಅಲ್ಲವಾ 1957ರಲ್ಲಿ ಮಂಗನಕಾಯಿಲೆ ಮೊದಲು ಗೊತ್ತಾದದ್ದು. ಒಂದು ಫಾರಂಗೆ ಎರಡು ಪ್ರಶ್ನೆ ಸೇರಿಸೋದು ಎಷ್ಟು ಕಷ್ಟ ಅಂತ ನನಗೆ ಹೇಳಬೇಡಿ. ಅದೇ ನನ್ನ ಹೊಟ್ಟೆಪಾಡು. ಮತ್ತೆ, ತಿಂಗಳಲ್ಲಿ ಒಂದು ದಿನವಾದರೂ ಅವರು ಫೋನಿಲ್ಲದೆ ಊರು ಸುತ್ತೋ ಹಾಗಿರಲಿ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಅಂತ ಪ್ರತಿ ಊರಿಗೂ ಇರಬೇಕು. ಊರಿನ ಅಗತ್ಯಕ್ಕೆ ತಕ್ಕಂತೆ ಖರ್ಚು ಮಾಡಿ ಅಂತ ಅದಕ್ಕೆ ವರ್ಷಕ್ಕೆ 10,000 ರೂಪಾಯಿ ಇಟ್ಟಿದ್ದಾರೆ. ನಮ್ಮಲ್ಲಿ ನಿಮ್ಮಲ್ಲಿ ಒಂದು ಟೀಮ್ ಲಂಚಿನ ಬಿಲ್ಲು ಅಷ್ಟಾಗುತ್ತೆ. ಆ ದುಡ್ಡಲ್ಲಿ ಏನು ಮಾಡಬೇಕು ಅಂತ ಹೇಳಬಲ್ಲವರು ಯಾರು ಅಂತ ಯೋಚಿಸಿ.

ಎಕ್ಸ್‌ರೇ ಬಂದ ಮೇಲೆ ನರ್ಸಮ್ಮ ಬಿಡುವಾದಾಗಲೆಲ್ಲ ಆ ರೂಪಾಯಿ ನಾಣ್ಯ ಹಿಡಿದು ನಮ್ಮ ಕೇರಿ, ಮೇಲಿನ ಕೇರಿ ಎರಡೂ ಸುತ್ತಿದ್ದಾರೆ. ಫೋನಿನಲ್ಲಿ ಜಾಗ ಇಲ್ಲವಲ್ಲ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಮನೆ ಮನೆಯ ಹೆಸರು, ಮುಂದೆ ಮೂರು ಟಿಕ್ಕು, ಅಡುಗೆಗೆ ಯಾವ ನೀರು ಅಂತ ಒಂದು ಸಾಲು. ಹೋದ ಗ್ರಾಮಸಭೆಗೆ ನಾನು ರಜಾ ಹಾಕಿ ಹೋಗಿದ್ದೆ, ಅಮ್ಮನನ್ನೂ ಕುರ್ಚಿ ಸಮೇತ ಕರಕೊಂಡು. ಶುದ್ಧ ನೀರಿನ ಘಟಕದ ಫಿಲ್ಟರ್ ಬದಲಿಸಿ ಎಷ್ಟು ದಿನ ಆಯಿತು, ನೀರು ಕೊನೇ ಸಲ ಪರೀಕ್ಷೆ ಆದದ್ದು ಯಾವಾಗ, ಅಡುಗೆಗೂ ಸಾಲುವಷ್ಟು ನೀರು ಮನೆಗೆ ಹೇಗೆ ಮುಟ್ಟಬೇಕು ಅಂತ ಅವರು ಆ ನೋಟ್‌ಬುಕ್ಕು ಹಿಡಿದು ಒಂದೊಂದಾಗಿ ಕೇಳಿದರು. ವೇದಿಕೆ ಮೇಲಿದ್ದವರೊಬ್ಬರು ನೋಟ್‌ಬುಕ್ಕು ಇಸಕೊಂಡು, ಎರಡು ಹಾಳೆ ತಿರುವಿ, “ಇದು ಯಾವ ಫಾರ್ಮ್ಯಾಟ್‌ನಲ್ಲಿದೆ ಮೇಡಂ?” ಅಂದರು.

ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಎದ್ದು ನಿಂತೆ. ಜಿಲ್ಲೆಯ ಪ್ರಯೋಗಾಲಯಕ್ಕೆ ನೀರು ಕಳಿಸ್ತೀವಿ ಅಂತ ನಡಾವಳಿಯಲ್ಲಿ ಬರೆಸಿಕೊಂಡು ಬಂದಿದ್ದೀವಿ. ವರದಿ ಇನ್ನೂ ಬಂದಿಲ್ಲ. ಅಮ್ಮ ಈಗ ಮುದ್ದೆಗೂ ಫಿಲ್ಟರ್ ನೀರೇ ಇಡ್ತಾರೆ, ಪಕ್ಕದ ಮನೆ ಹುಡುಗ ಕ್ಯಾನು ಹೊತ್ತು ತಂದುಕೊಡ್ತಾನೆ.